ಆಂತರಿಕ ಅಂಕ ಯಾವುದಕ್ಕೆ, ಶಿಸ್ತು ಯಾವುದರಿಂದ: ಹೊಸ ಉಪನ್ಯಾಸಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕುಮಟಾ ಹತ್ತಿರದ ಒಂದು ಪ್ರಥಮ ದರ್ಜೆ ಕಾಲೇಜಿಗೆ ಈ ವರ್ಷ ಕೆಮಿಸ್ಟ್ರಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೇನೆ. ಬಿ.ಎಸ್ಸಿ. ಮೊದಲ ಸೆಮಿಸ್ಟರ್, 34 ಮಕ್ಕಳು. ಥಿಯರಿಗೆ ಸೆಮಿಸ್ಟರ್ ಪರೀಕ್ಷೆ 80 ಅಂಕ, ಆಂತರಿಕ 20. ಆ 20ರಲ್ಲಿ ಎರಡು ಟೆಸ್ಟಿಗೆ 10, ಅಸೈನ್‌ಮೆಂಟ್ ಮತ್ತು ಸೆಮಿನಾರಿಗೆ 10 ಅಂತ ವಿಭಾಗದಲ್ಲಿ ಹೇಳಿದ್ದಾರೆ. ಹಿರಿಯರೊಬ್ಬರು "ಎಲ್ಲರಿಗೂ 18 ಹಾಕಿಬಿಡಿ, ತಲೆನೋವೇ ಇಲ್ಲ" ಅಂದರು. ಇನ್ನೊಬ್ಬರು "ಲೇಟಾಗಿ ಬಂದವರಿಗೆ, ಲ್ಯಾಬ್ ಜರ್ನಲ್ ತಡ ಮಾಡಿದವರಿಗೆ ಅಂಕ ಕಡಿಯದಿದ್ದರೆ ಕ್ಲಾಸ್ ಕೈಗೆ ಸಿಗುವುದಿಲ್ಲ" ಅಂದರು. ಮಕ್ಕಳಲ್ಲಿ ಅರ್ಧದಷ್ಟು ಜನ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು ಜಾಸ್ತಿ. ನಾನು ಯಾವ ನಿಯಮ ಇಟ್ಟುಕೊಳ್ಳಲಿ?

ಉತ್ತರ: ಇಬ್ಬರ ಸಲಹೆಯನ್ನೂ ಪಕ್ಕಕ್ಕಿಡಿ. ಎಲ್ಲರಿಗೂ 18 ಹಾಕಿದರೂ, ಲೇಟಾಗಿ ಬಂದದ್ದಕ್ಕೆ 2 ಕಡಿದರೂ ಕೊನೆಗೆ ಆಗುವುದು ಒಂದೇ. ಪಟ್ಟಿಯಲ್ಲಿರುವ ಅಂಕ ನೋಡಿ, ಈ ಹುಡುಗಿಗೆ ಕೆಮಿಸ್ಟ್ರಿ ಎಷ್ಟು ಬರುತ್ತದೆ ಅಂತ ಯಾರಿಗೂ ಹೇಳಲಿಕ್ಕಾಗುವುದಿಲ್ಲ. ಕರಾವಳಿಯ ಕಾಲೇಜುಗಳಲ್ಲಿ ಬಹಳ ವರ್ಷ ಇದೇ ವಿಷಯ ಕಲಿಸಿದವನು ನಾನು. ನೇರವಾಗಿ ಹೇಳುತ್ತೇನೆ. ಅಂಕ ಕಲಿತದ್ದಕ್ಕೆ ಮಾತ್ರ ಕೊಡಿ. ಶಿಸ್ತಿಗೆ ಬೇರೆ ದಾರಿ ಇಟ್ಟುಕೊಳ್ಳಿ. ಎರಡನ್ನೂ ಮೊದಲ ವಾರವೇ ಬರೆದು ಮಕ್ಕಳ ಕೈಗೆ ಕೊಡಿ.

ಮೊದಲು ಆ 18ರ ವಿಚಾರ. ಹಾಗೆ ಹೇಳಿದವರ ಮನಸ್ಸು ಕೆಟ್ಟದ್ದಲ್ಲ. ಬಡ ಮಕ್ಕಳು, ಪಾಸಾಗಲಿ ಅನ್ನುವ ಕಾಳಜಿ ಅದು. ಆದರೆ ಮಗುವಿಗೆ ಅದರಿಂದ ಏನಾಗುತ್ತದೆ ನೋಡಿ. ಸೆಮಿಸ್ಟರಿನ ನಡುವೆ 20ಕ್ಕೆ 18 ಬಂತು. ಓಹೋ, ನಾನು ಸರಿಯಾಗಿದ್ದೇನೆ ಅಂದುಕೊಳ್ಳುತ್ತಾಳೆ. ಮೋಲ್ ಲೆಕ್ಕ ಇನ್ನೂ ಬರುವುದಿಲ್ಲ ಅನ್ನುವುದು ಅವಳಿಗೇ ಗೊತ್ತಿಲ್ಲ. ಸೆಮಿಸ್ಟರ್ ಪರೀಕ್ಷೆಯಲ್ಲಿ 80ಕ್ಕೆ 24 ಬಂದಾಗ ಗೊತ್ತಾಗುತ್ತದೆ, ಆಗ ತಿದ್ದಿಕೊಳ್ಳಲು ಸಮಯ ಇರುವುದಿಲ್ಲ. ತಿದ್ದಿಕೊಳ್ಳಲು ಸಮಯ ಇರುವಾಗಲೇ ಸಿಗುವ ಲೆಕ್ಕ ಅಂದರೆ ಆಂತರಿಕ ಅಂಕ ಒಂದೇ. ಅದನ್ನೇ ಸುಳ್ಳು ಮಾಡಿಟ್ಟರೆ ಹೇಗೆ? ನಿಜವಾಗಿ ದುಡಿದು 18 ತೆಗೆದ ಮಗುವಿನ ಗತಿಯನ್ನೂ ಯೋಚಿಸಿ. ಪಕ್ಕದಲ್ಲಿ ಏನೂ ಮಾಡದೆ ಕುಳಿತವನಿಗೂ ಅಷ್ಟೇ ಬಂದರೆ, ಮುಂದಿನ ಟೆಸ್ಟಿಗೆ ಅವಳು ಯಾಕೆ ಓದಬೇಕು?

ರಾಜ್ಯದಲ್ಲಿ ಈ ಆಂತರಿಕ ಅಂಕದ ಪ್ರಮಾಣ ಬದಲಾಗುತ್ತಲೇ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಪರೀಕ್ಷೆಗೆ 60, ಆಂತರಿಕಕ್ಕೆ 40 ಇತ್ತು. 2024-25ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದೆವು, ಲೆಕ್ಕವೂ ಬದಲಾಯಿತು. ಕೊನೆಗೆ ಎಲ್ಲ ಸೇರಿ ಗ್ರೇಡ್ ಆಗುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಹತ್ತು ಪಾಯಿಂಟಿನ ಪದ್ಧತಿಯಲ್ಲಿ ಓ ಅಂದರೆ 10, ಎ ಪ್ಲಸ್ 9, ಎ 8, ಹಾಗೇ ಇಳಿಯುತ್ತ ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ ಅಂದರೆ ಸೊನ್ನೆ. ಕ್ರೆಡಿಟ್‌ನಿಂದ ಗುಣಿಸಿ ಸರಾಸರಿ ತೆಗೆದರೆ ಸಿಜಿಪಿಎ. ಇದನ್ನು ಮೊದಲ ದಿನ ಬೋರ್ಡಿನ ಮೇಲೆ ಒಮ್ಮೆ ಲೆಕ್ಕ ಹಾಕಿ ತೋರಿಸಿ. ಪಿಯುಸಿಯಿಂದ ಬಂದ ಮಕ್ಕಳಿಗೆ ಇನ್ನೂ ಶೇಕಡಾ ಲೆಕ್ಕವೇ ತಲೆಯಲ್ಲಿರುತ್ತದೆ.

ಇನ್ನೊಂದು ಮಾತು. ಐಐಟಿಗಳಂಥ ಕಡೆ ಕ್ಲಾಸಿನ ಸರಾಸರಿ ನೋಡಿ ಗ್ರೇಡ್ ಕೊಡುವ ರೂಢಿ ಇದೆ, ನಾವೂ ಮಾಡೋಣ ಅಂತ ಯಾರಾದರೂ ಹೇಳಿಯಾರು. 34 ಮಕ್ಕಳಿಗೆ ಅದು ಬೇಡವೇ ಬೇಡ. ಕ್ಲಾಸ್ ಚಿಕ್ಕದು, ಒಂದು ವರ್ಷ ನಾಲ್ಕು ಜನ ಬುದ್ಧಿವಂತರು ಜಾಸ್ತಿ ಬಂದರೆ ಉಳಿದವರ ಗ್ರೇಡ್ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡುವುದನ್ನೇ ನಿಲ್ಲಿಸುತ್ತಾರೆ. ನಮ್ಮ ಲ್ಯಾಬುಗಳಲ್ಲಿ ಇಬ್ಬರಿಗೆ ಒಂದು ಬ್ಯೂರೆಟ್ (ದ್ರಾವಣವನ್ನು ಅಳೆದು ಹನಿಯಾಗಿ ಬಿಡುವ ಗಾಜಿನ ಕೊಳವೆ) ಇರುತ್ತದೆ. ಪಕ್ಕದವಳಿಗೆ ಹೇಳಿಕೊಟ್ಟರೆ ನನ್ನ ಗ್ರೇಡ್ ಹೋಗುತ್ತದೆ ಅನ್ನುವ ಭಯ ಅಲ್ಲಿಗೆ ಬರಬಾರದು. ಎಷ್ಟು ಗೊತ್ತಿದ್ದರೆ ಎಷ್ಟು ಅಂಕ ಅಂತ ಮೊದಲೇ ಹೇಳಿ, ಅಷ್ಟನ್ನು ಮುಟ್ಟಿದ ಎಲ್ಲರಿಗೂ ಕೊಡಿ. 34 ಜನರೂ ಮುಟ್ಟಿದರೆ 34 ಜನರಿಗೂ ಕೊಡಿ, ಯಾರಿಗೂ ಹೆದರಬೇಕಾಗಿಲ್ಲ.

ಈಗ ಟೆಸ್ಟ್ ತಿದ್ದುವ ಬಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಕದ ಮೇಲೆ ಮಕ್ಕಳಿಗೆ ನಂಬಿಕೆ ಹುಟ್ಟುವುದೂ ಇಲ್ಲೇ, ಹೋಗುವುದೂ ಇಲ್ಲೇ.

ಒಂದು ಪ್ರಶ್ನೆ ತೆಗೆದುಕೊಳ್ಳಿ. 0.1 ನಾರ್ಮಲ್ (ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ಆಕ್ಸಾಲಿಕ್ ಆಸಿಡ್ ದ್ರಾವಣ 250 ಮಿ.ಲೀ. ಮಾಡಲು ಎಷ್ಟು ಗ್ರಾಂ ತೂಗಬೇಕು? ನಾಲ್ಕು ಅಂಕ. ಉತ್ತರ 1.575 ಗ್ರಾಂ. ಕೊನೆಯ ಉತ್ತರ ನೋಡಿ 4 ಅಥವಾ 0 ಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಬಾಟಲಿಯಲ್ಲಿರುವ ಆಕ್ಸಾಲಿಕ್ ಆಸಿಡ್‌ನ ಹರಳಿನಲ್ಲಿ ಎರಡು ನೀರಿನ ಅಣು ಇದೆ, ಅದಕ್ಕೇ ಈಕ್ವಿವಲೆಂಟ್ ತೂಕ 63 ಅಂತ ಗೊತ್ತಿದ್ದರೆ 1. ಸೂತ್ರ ಸರಿ ಇದ್ದರೆ 1. ಮಿ.ಲೀ. ಅನ್ನು ಲೀಟರ್ ಮಾಡಿ ಬೆಲೆಗಳನ್ನು ಹಾಕಿದ್ದರೆ 1. ಉತ್ತರ ಯೂನಿಟ್ ಸಮೇತ ಬಂದರೆ 1.

ಈಗ ಒಬ್ಬ ಹುಡುಗ 1.125 ಗ್ರಾಂ ಅಂತ ಬರೆದಿದ್ದಾನೆ ಅಂದುಕೊಳ್ಳಿ. ಪೇಪರ್ ನೋಡಿದರೆ, ಹರಳಿನ ನೀರು ಬಿಟ್ಟು 45 ತೆಗೆದುಕೊಂಡಿದ್ದಾನೆ. ಮುಂದಿನ ಲೆಕ್ಕವೆಲ್ಲ ಸರಿ. ಅವನಿಗೆ 3 ಕೊಡಿ. ಒಂದು ತಪ್ಪಿಗೆ ಒಂದೇ ಸಲ ಅಂಕ ಕಡಿಯಬೇಕು. ಆ ತಪ್ಪಿನ ಪಕ್ಕ "ಹರಳಿನ ನೀರು?" ಅಂತ ಎರಡೇ ಪದ ಬರೆಯಿರಿ. ಇನ್ನೊಬ್ಬ 1.575 ಅಂತ ಸುಮ್ನೆ ಬರೆದು ಬಿಟ್ಟಿದ್ದಾನೆ, ಮೇಲೆ ಒಂದು ಸಾಲು ಲೆಕ್ಕವೂ ಇಲ್ಲ. ಅವನಿಗೆ 1. ಈ ಹಂಚಿಕೆಯನ್ನು ಮೊದಲೇ ಹೇಳಿರಬೇಕು. ಲೆಕ್ಕ ತೋರಿಸದಿದ್ದರೆ ಉತ್ತರಕ್ಕೆ ಒಂದೇ ಅಂಕ ಅಂತ ಪ್ರಶ್ನೆಪತ್ರಿಕೆಯ ತಲೆಯ ಮೇಲೇ ಬರೆಯಿರಿ.

ತಿದ್ದುವಾಗ ಒಬ್ಬರ ಪೇಪರ್ ಪೂರ್ತಿ ಮುಗಿಸಿ ಇನ್ನೊಬ್ಬರದ್ದಕ್ಕೆ ಹೋಗಬೇಡಿ. 34 ಪೇಪರಿನಲ್ಲೂ ಮೊದಲನೇ ಪ್ರಶ್ನೆ ಮುಗಿಸಿ, ಆಮೇಲೆ ಎರಡನೆಯದು. ಆಗ ಎಲ್ಲರಿಗೂ ಒಂದೇ ಅಳತೆ ಬರುತ್ತದೆ. ಪ್ರತಿ ಪ್ರಶ್ನೆಗೂ ಕಟ್ಟನ್ನು ಒಮ್ಮೆ ಕಲೆಸಿ, ಇಲ್ಲದಿದ್ದರೆ ಕೊನೆಯ ಪೇಪರಿನವರಿಗೆ ಯಾವಾಗಲೂ ದಣಿದ ಕಣ್ಣೇ ಸಿಗುತ್ತದೆ. ಹೆಸರು ಕಾಣದಂತೆ ಮೊದಲ ಪುಟ ಮಡಚಿಡಿ. ಒಳ್ಳೆಯ ಅಕ್ಷರ, ಮೊದಲ ಬೆಂಚು, ಪರಿಚಯದವರ ಮಗಳು, ಇವೆಲ್ಲ ನಮಗೆ ಗೊತ್ತಿಲ್ಲದೆಯೇ ಪೆನ್ನಿಗೆ ಬಂದುಬಿಡುತ್ತವೆ. ಪೇಪರನ್ನು ಹತ್ತು ದಿನದೊಳಗೆ ತಿರುಗಿ ಕೊಡಿ. ಒಂದು ತಿಂಗಳ ಮೇಲೆ ಕೊಟ್ಟರೆ ಮಕ್ಕಳು ಒಟ್ಟು ಅಂಕ ನೋಡಿ ಮಡಚಿಡುತ್ತಾರೆ, ನೀವು ಬರೆದದ್ದನ್ನು ಓದುವುದಿಲ್ಲ.

ಗೈರಾದವರಿಗೆ ಸೊನ್ನೆ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಸೊನ್ನೆ ಅಂದರೆ "ಬರೆದ, ಏನೂ ಬರಲಿಲ್ಲ" ಅಂತ. ಗೈರು ಅಂದರೆ "ಗೊತ್ತಿಲ್ಲ" ಅಂತ. ರಿಜಿಸ್ಟರಿನಲ್ಲಿ ಎರಡನ್ನೂ ಬೇರೆಯಾಗಿ ಬರೆಯಿರಿ. 20 ಅಂಕದ ಎರಡು ಟೆಸ್ಟ್ ಮಾಡಿದಿರಿ. ಒಬ್ಬಳು ಮೊದಲನೆಯದರಲ್ಲಿ 16 ತೆಗೆದಳು, ಎರಡನೆಯ ದಿನ ಜ್ವರ. ಸೊನ್ನೆ ಹಾಕಿದರೆ ಸರಾಸರಿ 8. 16 ತೆಗೆಯಬಲ್ಲ ಹುಡುಗಿ 8ಕ್ಕೆ ಬಂದಳು. ಇದಕ್ಕೆ ನಾನು ಹೇಳುವ ದಾರಿ ಹೀಗೆ. ಕ್ಲಾಸ್ ಮುಗಿಯುವ ಹದಿನೈದು ದಿನ ಮೊದಲು ಮೂರನೇ ಟೆಸ್ಟ್ ಇಡಿ, ಪೂರ್ತಿ ಪಾಠದ ಮೇಲೆ. ಯಾರು ಬೇಕಾದರೂ ಬರೆಯಬಹುದು, ಕಾರಣ ಕೇಳಬೇಡಿ, ಡಾಕ್ಟರ ಚೀಟಿಯೂ ಬೇಡ. ಮೂರರಲ್ಲಿ ಜಾಸ್ತಿ ಬಂದ ಎರಡನ್ನು ತೆಗೆದುಕೊಳ್ಳಿ. ಆ ಹುಡುಗಿ ಮೂರನೆಯದರಲ್ಲಿ 14 ತೆಗೆದರೆ ಸರಾಸರಿ 15. ನೀವು ವಿಶ್ವವಿದ್ಯಾಲಯಕ್ಕೆ ಕಳಿಸುವುದು ಎರಡೇ ಟೆಸ್ಟಿನ ಅಂಕ. ಆದರೂ ವಿಭಾಗದ ಮುಖ್ಯಸ್ಥರಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯಿರಿ. ಮೊದಲ ಟೆಸ್ಟಿನಲ್ಲಿ 6 ತೆಗೆದು ಆಮೇಲೆ ಕಷ್ಟಪಟ್ಟು ಕಲಿತವನಿಗೂ ಇದರಿಂದ ಬಾಗಿಲು ತೆರೆದಿರುತ್ತದೆ. ಆಗಸ್ಟಿನಲ್ಲಿ ಬರದಿದ್ದದ್ದು ನವೆಂಬರಿನಲ್ಲಿ ಬಂದರೆ ಬಂದ ಹಾಗೆಯೇ, ಅಲ್ವಾ?

ನಮ್ಮ ಜಿಲ್ಲೆಗೆ ಇನ್ನೊಂದು ನಿಯಮ ಬೇಕೇ ಬೇಕು, ಮಳೆಯದ್ದು. ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ರಜೆ ಕೊಡುವುದು ರಾತ್ರಿ ಗೊತ್ತಾಗುತ್ತದೆ, ಕೆಲವು ಸಲ ಬೆಳಿಗ್ಗೆ. ಚಂಡಿಕಾ ಹೊಳೆ ಉಕ್ಕಿದರೆ ಕತಗಾಲದ ಹತ್ತಿರ ಕುಮಟಾ–ಶಿರಸಿ ರಸ್ತೆ ಬಂದ್. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆಯೇ ಬಿತ್ತು. ಇಂಥ ಊರಿನಲ್ಲಿ "ಟೆಸ್ಟ್ ದಿನ ಬರಲೇಬೇಕು" ಅಂತ ಒಂದೇ ಸಾಲು ಬರೆದರೆ ಸಾಲದು. ಹೀಗೆ ಬರೆಯಿರಿ: ರಜೆ ಬಂದರೆ ಟೆಸ್ಟ್ ಕಾಲೇಜು ಶುರುವಾದ ಮೇಲಿನ ಎರಡನೇ ಕೆಮಿಸ್ಟ್ರಿ ಕ್ಲಾಸಿನಲ್ಲಿ. ಮೊದಲ ಕ್ಲಾಸ್ ಬೇಡ, ರಸ್ತೆ ಸರಿಯಾಗಿ ಬಸ್ ಓಡಲು ಒಂದು ದಿನ ಬೇಕು. ಕಾಲೇಜು ಇದ್ದು ಒಂದು ಊರಿನ ಬಸ್ ಮಾತ್ರ ಬರದಿದ್ದರೆ, ಆ ಊರಿನ ಮಕ್ಕಳೆಲ್ಲ ಬೇರೆ ಪ್ರಶ್ನೆಪತ್ರಿಕೆಯಲ್ಲಿ ಬರೆಯುತ್ತಾರೆ. ಫೋನಿನಲ್ಲಿ ಹೇಳಿ ಒಪ್ಪಿಸಬೇಕಾಗಿಲ್ಲ, ನಿಯಮವೇ ಹಾಗಿದೆ ಅಂತ ಅವರಿಗೆ ಗೊತ್ತಿರಲಿ. ಉಕ್ಕಿದ ಹಳ್ಳ ದಾಟಿ ಟೆಸ್ಟಿಗೆ ಬರುವ ಸಾಹಸ ಯಾವ ಮಗುವೂ ಮಾಡಬಾರದು. ಘಟ್ಟದ ಮೇಲಿನ ಕಾಲೇಜಿನವರು ಇದೇ ಲೆಕ್ಕದಲ್ಲಿ ಅಡಿಕೆ ಕೊಯ್ಲಿನ ವಾರಗಳನ್ನು, ಶಿರಸಿಯವರು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳಲಿ.

ಹಾಜರಿಗೆ ಬರೋಣ. ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುವುದು ವಿಶ್ವವಿದ್ಯಾಲಯದ ನಿಯಮ, ಅದು ನಿಮ್ಮ ಕೈಯಲ್ಲಿಲ್ಲ. ಆ ನಿಯಮದ ಮೇಲೆ ನೀವು ಇನ್ನೊಂದು ದಂಡ ಸೇರಿಸಬೇಡಿ. ಹಾಜರಿಗೆ ಅಂಕ ಕೊಡಲೇಬೇಕು ಅಂತ ವಿಶ್ವವಿದ್ಯಾಲಯದ ಆದೇಶ ಇದ್ದರೆ ಅಷ್ಟನ್ನು ಕೊಡಿ, ಇಲ್ಲದಿದ್ದರೆ ಬೇಡ. ನಿಮ್ಮ ಕೆಲಸ ರಿಜಿಸ್ಟರ್ ಸರಿಯಾಗಿ ಇಡುವುದು ಮತ್ತು ತಿಂಗಳಿಗೊಮ್ಮೆ ಪ್ರತಿಯೊಬ್ಬರಿಗೂ ಅವರ ಲೆಕ್ಕ ಹೇಳುವುದು. ಸೆಮಿಸ್ಟರಿನಲ್ಲಿ 56 ಕ್ಲಾಸ್ ಆದರೆ 42ಕ್ಕೆ ಬರಲೇಬೇಕು, 14 ತಪ್ಪಬಹುದು. ಸೆಪ್ಟೆಂಬರಿನಲ್ಲೇ 9 ತಪ್ಪಿಸಿದವನಿಗೆ ಇನ್ನು 5 ಮಾತ್ರ ಉಳಿದಿದೆ ಅಂತ ಆಗಲೇ ಹೇಳಿ. ಕೊನೆಯ ವಾರ ಹೇಳಿದರೆ ಅಪ್ಪ ಅಮ್ಮ ಪ್ರಿನ್ಸಿಪಾಲರ ಕೋಣೆ ಮುಂದೆ ನಿಲ್ಲುತ್ತಾರೆ, ಯಾರಿಗೂ ಪ್ರಯೋಜನ ಇಲ್ಲ.

ಲೇಟಾಗಿ ಬರುವವರಿಗೆ ಬಾಗಿಲು ಹಾಕಬೇಡಿ. ಮಿರ್ಜಾನ ಕಡೆಯ ಬಸ್ ಹತ್ತು ನಿಮಿಷ ತಡವಾದರೆ ಅದು ಹುಡುಗಿಯ ತಪ್ಪಲ್ಲ. ಅವಳು ಹೊರಗೆ ನಿಂತರೆ ಆ ಪಾಠ ಅವಳಿಗೆ ಹೋಯಿತು, ಮುಂದಿನದೂ ಅರ್ಥವಾಗುವುದಿಲ್ಲ. ಮೊದಲ ಹತ್ತು ನಿಮಿಷ ಹಿಂದಿನ ಕ್ಲಾಸಿನ ಒಂದು ಲೆಕ್ಕ ಬೋರ್ಡಿನ ಮೇಲೆ ಹಾಕಿ, ಮಕ್ಕಳು ಬಿಡಿಸುತ್ತಿರಲಿ. ಹಾಜರಿ ಆಮೇಲೆ ಕರೆಯಿರಿ. ತಡವಾಗಿ ಬಂದವರು ಹಿಂದಿನ ಬಾಗಿಲಿನಿಂದ ಬಂದು ಸುಮ್ಮನೆ ಕೂರಲಿ. ಊರಲ್ಲೇ ಇದ್ದು ದಿನಾ ಲೇಟಾಗುವವನು ಇದ್ದರೆ ಕ್ಲಾಸ್ ಆದ ಮೇಲೆ ಕರೆದು ಮಾತಾಡಿ. ಎರಡು ಸಲ ಮಾತಾಡಿಯೂ ಆಗದಿದ್ದರೆ ಮುಖ್ಯಸ್ಥರ ಹತ್ತಿರ ಕಳಿಸಿ. ಅವನ ಆಕ್ಸಾಲಿಕ್ ಆಸಿಡ್ ಲೆಕ್ಕದ ಅಂಕಕ್ಕೆ ಕೈ ಹಾಕಬೇಡಿ.

ಲ್ಯಾಬಿನಲ್ಲಿ ಮಾತ್ರ ಲೇಟಿನ ನಿಯಮ ಬೇರೆ. ಅಲ್ಲಿ ಮೊದಲ ಹತ್ತು ನಿಮಿಷದಲ್ಲೇ ಎಚ್ಚರಿಕೆ ಹೇಳುವುದು. ಅದನ್ನು ಕೇಳದೆ ಬಂದವರು ನೇರವಾಗಿ ಟೇಬಲ್ಲಿಗೆ ಹೋಗುವಂತಿಲ್ಲ. ಗೋಡೆಯ ಮೇಲೆ ಎಚ್ಚರಿಕೆಯ ಹಾಳೆ ಇರಲಿ. ಓದಿ, ನೀವು ಕೇಳಿದ ಎರಡು ಪ್ರಶ್ನೆಗೆ ಉತ್ತರ ಹೇಳಿ, ಆಮೇಲೆ ಶುರು ಮಾಡಲಿ. ಉದ್ದ ಕೂದಲು ಕಟ್ಟಿರಬೇಕು, ದುಪಟ್ಟಾ ಪಿನ್ ಮಾಡಿರಬೇಕು, ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಶೂ, ಕಣ್ಣಿಗೆ ಕನ್ನಡಕ. ಆಸಿಡ್ ಅನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗೆ ಅಲ್ಲ. ಪಿಪೆಟ್ಟಿಗೆ ರಬ್ಬರ್ ಬಲ್ಬ್ ಬಳಸಿ, ಬಾಯಿಂದ ಎಳೆಯುವುದು ಇನ್ನೂ ನಡೆಯುತ್ತಿದ್ದರೆ ಅದನ್ನು ನಿಲ್ಲಿಸುವುದು ನಿಮ್ಮ ಮೊದಲ ಕೆಲಸ. ಇದನ್ನು ಮೀರಿದವರಿಗೂ ಅಂಕ ಕಡಿಯಬೇಡಿ. ಟೇಬಲ್ಲಿನಿಂದ ಎಬ್ಬಿಸಿ, ಅವತ್ತಿನ ಪ್ರಯೋಗ ಇನ್ನೊಂದು ದಿನ ಮಾಡಿಸಿ. ಎರಡು ಅಂಕ ಹೋದರೆ ಹೋಗಲಿ ಅನ್ನುವವರಿದ್ದಾರೆ. ಕಣ್ಣಿಗೆ ಹಾಗೆ ಹೇಳಲಿಕ್ಕಾಗುವುದಿಲ್ಲ.

ಗಾಜಿನ ಸಾಮಾನು ಒಡೆದರೆ ದಂಡ ವಸೂಲಿ ಮಾಡುವ ಪದ್ಧತಿ ಬಗ್ಗೆಯೂ ವಿಭಾಗದಲ್ಲಿ ಮಾತಾಡಿ. ದಂಡದ ಭಯ ಇದ್ದರೆ ಮಕ್ಕಳು ಒಡೆದ ಚೂರನ್ನು ಸಿಂಕಿನಲ್ಲೋ ಕಪಾಟಿನ ಹಿಂದೋ ಬಚ್ಚಿಡುತ್ತಾರೆ. ಆಮೇಲೆ ಸ್ವಚ್ಛ ಮಾಡುವವರ ಕೈಗೆ ಅದು ಸಿಗುತ್ತದೆ. ಒಡೆದದ್ದನ್ನು ಕೂಡಲೇ ಹೇಳಿದರೆ ದಂಡ ಇಲ್ಲ ಅಂತ ಮಾಡಿಸಿಕೊಳ್ಳಲು ಸಾಧ್ಯವಾದರೆ ಬಹಳ ಒಳ್ಳೆಯದು.

ಇನ್ನು ಜರ್ನಲ್. ಈ ವಿಚಾರದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ನಮ್ಮಲ್ಲಿ ಜರ್ನಲ್ ಅಂದರೆ ಹಿಂದಿನ ವರ್ಷದ ಅಕ್ಕನ ಜರ್ನಲ್ ತಂದು, ಸ್ಕೇಲು ಇಟ್ಟು, ಎರಡು ಬಣ್ಣದ ಪೆನ್ನಿನಲ್ಲಿ ಚೆಂದ ಮಾಡಿ ಬರೆಯುವುದು ಅಂತ ಆಗಿಬಿಟ್ಟಿದೆ. ಅಂಕವೂ ಆ ಚೆಂದಕ್ಕೇ ಬೀಳುತ್ತದೆ. ಹಾಗಾಗಿ ರೀಡಿಂಗ್ ಕೂಡ ಅಕ್ಕನದೇ. ಇದನ್ನು ಬದಲಿಸಬೇಕಾದರೆ ಅಂಕ ಕೊಡುವ ಜಾಗ ಬದಲಿಸಿ. ಟೇಬಲ್ಲಿನ ಪಕ್ಕದಲ್ಲೇ, ಅದೇ ದಿನ ಕೊಡಿ.

ಆಕ್ಸಾಲಿಕ್ ಆಸಿಡ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳೆದು ಬಿಟ್ಟು ಪ್ರಮಾಣ ಕಂಡುಹಿಡಿಯುವ ಪ್ರಯೋಗ) ನಡೆಯುತ್ತಿದೆ ಅಂದುಕೊಳ್ಳಿ. ಹುಡುಗಿ ಫ್ಲಾಸ್ಕ್ ತಿರುಗಿಸುತ್ತಿದ್ದಾಳೆ. ಬ್ಯೂರೆಟ್ಟಿನಿಂದ ಬಿದ್ದ ಹನಿಯ ಸುತ್ತ ಗುಲಾಬಿ ಬಣ್ಣ ಬಂದು ಮಾಯವಾಗುತ್ತಿದೆ. ಮಾಯವಾಗುವುದು ನಿಧಾನವಾದ ಕೂಡಲೇ ಅವಳು ಹನಿ ಹನಿಯಾಗಿ ಬಿಡುತ್ತಾಳೆ. ತಿಳಿ ಗುಲಾಬಿ ಬಂದು ಅರ್ಧ ನಿಮಿಷ ನಿಂತರೆ ಅಲ್ಲಿ ನಿಲ್ಲಿಸಬೇಕು. ಗಾಢ ಗುಲಾಬಿ ಆಗಿದ್ದರೆ ದಾಟಿಬಿಟ್ಟಿದ್ದಾಳೆ. ರಫ್ ನೋಟಿನಲ್ಲಿ ರೀಡಿಂಗ್ ಪೆನ್ನಿನಲ್ಲೇ ಬರೆಯಬೇಕು: 10.6, 9.8, 9.9, 9.8. ತಪ್ಪಿದ್ದನ್ನು ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ "ದಾಟಿತು" ಅಂತ ಬರೆಯಬೇಕು. ಅಲ್ಲೇ ನೀವು ಸಹಿ ಹಾಕಿ. ಆ ಸಹಿ ಇಲ್ಲದ ರೀಡಿಂಗ್ ಜರ್ನಲ್‌ಗೆ ಹೋಗುವಂತಿಲ್ಲ.

ಪ್ರತಿ ಪ್ರಯೋಗಕ್ಕೆ 10 ಅಂಕ ಇಟ್ಟುಕೊಂಡು, ಕೊನೆಗೆ ನಿಮ್ಮ ಪ್ರಾಕ್ಟಿಕಲ್ ಆಂತರಿಕ ಎಷ್ಟೋ ಅಷ್ಟಕ್ಕೆ ಇಳಿಸಿಕೊಳ್ಳಿ. ಓದಿಕೊಂಡು ಬಂದದ್ದಕ್ಕೆ 2, ಪ್ರಾಮಾಣಿಕ ರೀಡಿಂಗಿಗೆ 3, ಲೆಕ್ಕಕ್ಕೆ 3, ಟೇಬಲ್ಲಿನ ಪಕ್ಕ ಕೇಳುವ ಎರಡು ಪ್ರಶ್ನೆಗೆ 2. ಪ್ರಾಮಾಣಿಕ ರೀಡಿಂಗ್ ಅಂದರೆ ನಿಮ್ಮ ಉತ್ತರಕ್ಕೆ ಹತ್ತಿರ ಬಂದದ್ದು ಅಂತ ಅರ್ಥ ಮಾಡಬೇಡಿ. ಬ್ಯೂರೆಟ್ಟಿನಲ್ಲಿ ಇರುವುದು 0.1 ಮಿ.ಲೀ.ಯ ಗೆರೆ. ಮೊದಲ ಸೆಮಿಸ್ಟರಿನ ಮಗು 9.8, 9.9, 9.8 ತಂದರೆ ಬಹಳ ಚೆನ್ನಾಗಿ ಮಾಡಿದೆ ಅಂತಲೇ. ಕ್ಲಾಸಿಡೀ ಮೂರಕ್ಕೆ ಮೂರೂ 10.0 ಅಂತ ಬರೆದಿದ್ದರೆ ಅಲ್ಲಿ ಏನೋ ನಡೆದಿದೆ. ಮೌಲ್ಯಕ್ಕೆ ಹತ್ತಿರ ಇದ್ದವರಿಗೆ ಮಾತ್ರ ಅಂಕ ಅಂತ ಇಟ್ಟರೆ ಮಕ್ಕಳು ಸುಳ್ಳು ರೀಡಿಂಗ್ ಬರೆಯುವುದನ್ನು ಕಲಿಯುತ್ತಾರೆ. ವಿಜ್ಞಾನದಲ್ಲಿ ಇದಕ್ಕಿಂತ ಕೆಟ್ಟ ಪಾಠ ಇಲ್ಲ. 12.1 ಬಂದಿದ್ದರೂ ನಿಜ ಬರೆದು, ಯಾಕೆ ಹಾಗಾಗಿರಬಹುದು ಅಂತ ಯೋಚಿಸಿದವಳಿಗೆ ಪೂರ್ತಿ 3 ಕೊಡಿ. ದ್ರಾವಣ ಹಾಕುವ ಮೊದಲು ಬ್ಯೂರೆಟ್ಟನ್ನು ಬರೀ ನೀರಿನಲ್ಲಿ ತೊಳೆದು ಬಿಟ್ಟಿರಬಹುದು. ಒಳಗೆ ಉಳಿದ ನೀರಿನಿಂದ ದ್ರಾವಣ ತೆಳುವಾಗಿ ರೀಡಿಂಗ್ ಜಾಸ್ತಿ ಬರುತ್ತದೆ. ಅದು ಅವಳಿಗೇ ಹೊಳೆದರೆ ಆ ದಿನದ ಪಾಠ ಮುಗಿದ ಹಾಗೆ.

ಒಂದು ಸಣ್ಣ ವಿಷಯ, ಮರೆತು ಹೋಗಬಾರದು. ಕೆಂಪು–ಹಸಿರು ಬಣ್ಣದ ವ್ಯತ್ಯಾಸ ಸರಿಯಾಗಿ ಕಾಣದ ಹುಡುಗರು ಕ್ಲಾಸಿನಲ್ಲಿ ಒಬ್ಬಿಬ್ಬರು ಇರಬಹುದು. ಟೈಟ್ರೇಷನ್ ಮುಗಿದದ್ದನ್ನು ಬಣ್ಣ ಬದಲಿಸಿ ತೋರಿಸುವ ಮೀಥೈಲ್ ಆರೆಂಜ್ ಅವರಿಗೆ ಬಹಳ ಕಷ್ಟ. ಎಲ್ಲರ ಮುಂದೆ ಕೇಳಬೇಡಿ. "ಬಣ್ಣ ಗುರುತಿಸಲು ತೊಂದರೆ ಇದ್ದವರು ನನಗೆ ಬೇರೆಯಾಗಿ ಹೇಳಿ" ಅಂತ ಹಾಳೆಯಲ್ಲಿ ಒಂದು ಸಾಲು ಇರಲಿ. ಅಂಥವರಿಗೆ ಬಣ್ಣ ನೋಡಿ ಹೇಳುವ ಜೊತೆಗಾರ ಅಥವಾ ಪಿಎಚ್ ಮೀಟರ್ ಕೊಡಿ. ಬರೆಯಲು ಸಹಾಯಕರು ಬೇಕಾದ ವಿಕಲಚೇತನ ಮಕ್ಕಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕು ಅನ್ನುವುದು ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ನಿಮ್ಮ ಟೆಸ್ಟಿಗೂ ಅದನ್ನೇ ಪಾಲಿಸಿ.

ಅಸೈನ್‌ಮೆಂಟ್ ಈಗಿನ ಕಾಲದಲ್ಲಿ ಕಷ್ಟದ ಕೆಲಸ. "ಆವರ್ತಕ ಕೋಷ್ಟಕದ ಮೇಲೆ ಹತ್ತು ಪುಟ" ಅಂತ ಕೊಟ್ಟರೆ ಚಾಟ್‌ಜಿಪಿಟಿ ಬರೆದು ಕೊಡುತ್ತದೆ, ಮಗು ಕೈಬರಹದಲ್ಲಿ ಇಳಿಸುತ್ತದೆ. ಹಿಡಿಯಲು ಹೋಗಬೇಡಿ, ಪ್ರಶ್ನೆಯನ್ನೇ ಬದಲಿಸಿ. ಅವರ ಮನೆ ಬಾವಿಯ ನೀರು ತರಲು ಹೇಳಿ. ಸಿಲ್ವರ್ ನೈಟ್ರೇಟ್ ಟೈಟ್ರೇಷನ್ ಮಾಡಿ ಕ್ಲೋರೈಡ್ ಎಷ್ಟಿದೆ ಅಂತ ಕಂಡುಹಿಡಿಯಲಿ. ಸಿಲ್ವರ್ ನೈಟ್ರೇಟ್ ದುಬಾರಿ, ಹಾಗಾಗಿ ನಾಲ್ಕು ಜನರ ಗುಂಪು ಮಾಡಿ, ಆದರೆ ನಾಲ್ಕು ಬಾವಿಯ ಹೋಲಿಕೆ ಇರಲಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1000ದವರೆಗೆ ಒಪ್ಪುತ್ತಾರೆ. ಸಾಣಿಕಟ್ಟಾದ ಉಪ್ಪಿನ ಆಗರದ ಪಕ್ಕದ ಬಾವಿಗೂ, ಅಘನಾಶಿನಿ ದಂಡೆಯ ಗಜನಿ (ಉಪ್ಪು ನೀರು ಬರುವ ಗದ್ದೆ) ಹತ್ತಿರದ ಬಾವಿಗೂ, ಕತಗಾಲದ ತೋಟದ ಬಾವಿಗೂ ಒಂದೇ ಉತ್ತರ ಬರುವುದಿಲ್ಲ. ಮಳೆ ಮುಗಿದ ಹೊಸತರಲ್ಲಿ ಬಾವಿಗಳು ಸಿಹಿ ಇರುತ್ತವೆ. ಎರಡನೇ ಸೆಮಿಸ್ಟರಿನಲ್ಲಿ, ಏಪ್ರಿಲ್ ಹೊತ್ತಿಗೆ ಅದೇ ಬಾವಿಯ ನೀರು ಮತ್ತೆ ತರಿಸಿದರೆ ಮಕ್ಕಳಿಗೆ ಒಳ್ಳೆಯ ವಿಷಯ ಸಿಗುತ್ತದೆ. ಸೆಮಿನಾರ್ ಕೂಡ ಇದರ ಮೇಲೇ ಇರಲಿ, ಐದೇ ನಿಮಿಷ. ನಾಲ್ವರಲ್ಲಿ ಯಾರು ಮಾತಾಡಬೇಕು ಅಂತ ಆ ದಿನ ನೀವು ಹೇಳಿ, ಆಗ ನಾಲ್ವರೂ ತಯಾರಾಗಿ ಬರುತ್ತಾರೆ. ಅಂಕ ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆ, ಉಳಿದ ಮೂವರಿಗೂ ಒಂದೊಂದು ಪ್ರಶ್ನೆ ಕೇಳಿ.

ಅಸೈನ್‌ಮೆಂಟ್ ಕಾಗದದಲ್ಲೇ ತೆಗೆದುಕೊಳ್ಳಿ. ರಾತ್ರಿ 12ರೊಳಗೆ ಗೂಗಲ್ ಕ್ಲಾಸ್‌ರೂಮಿಗೆ ಹಾಕಿ ಅಂದರೆ, ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಊರಿನ ಮಗು ಏನು ಮಾಡಬೇಕು? ತಡವಾದವರಿಗೆ ಒಂದು ಸರಳ ನಿಯಮ ಇಡಿ. ಸೆಮಿಸ್ಟರಿಗೆ ಎರಡು ಸಲ, ಮೂರು ದಿನದ ರಿಯಾಯಿತಿ ಪ್ರತಿಯೊಬ್ಬರಿಗೂ ಇದೆ, ಕಾರಣ ಹೇಳಬೇಕಾಗಿಲ್ಲ. ಇದರಿಂದ ಸುಳ್ಳು ಹೇಳುವುದೂ ತಪ್ಪುತ್ತದೆ. ನೀವು ಕ್ಲಾಸಿನಲ್ಲಿ ಉತ್ತರ ಬಿಡಿಸಿ ತೋರಿಸಿದ ಮೇಲೆ ಬಂದದ್ದಕ್ಕೆ ಬೆಲೆ ಇಲ್ಲ. ಅವರಿಗೆ ಬೇರೆ ಲೆಕ್ಕ ಕೊಟ್ಟು, ನಿಮ್ಮ ಮುಂದೆ ಕೂರಿಸಿ ಬಿಡಿಸಲು ಹೇಳಿ. ಬಂದರೆ ಪೂರ್ತಿ ಅಂಕ.

ಟೆಸ್ಟಿನಲ್ಲಿ ನಕಲು ಸಿಕ್ಕಿಬಿದ್ದರೆ ಕೂಗಾಡಬೇಡಿ, ಆ ಪೇಪರ್ ತೆಗೆದಿಟ್ಟು ಹೊಸ ಹಾಳೆ ಕೊಡಿ. ನಕಲಾದ ಉತ್ತರಕ್ಕೆ ಅಂಕ ಇಲ್ಲ, ವಿಷಯ ಬರವಣಿಗೆಯಲ್ಲಿ ಮುಖ್ಯಸ್ಥರಿಗೆ ಹೋಗಲಿ. ಹಾಗೆಯೇ ಯಾವುದು ನಕಲು, ಯಾವುದು ಅಲ್ಲ ಅಂತ ಮೊದಲೇ ಹೇಳಿ. ಕೂಡಿ ಓದುವುದು, ಲೆಕ್ಕ ಚರ್ಚಿಸುವುದು, ಒಂದೇ ಬ್ಯೂರೆಟ್ಟಿನ ರೀಡಿಂಗ್ ಇಬ್ಬರೂ ಬರೆಯುವುದು ಸರಿ. ಇನ್ನೊಬ್ಬರ ಸಾಲುಗಳನ್ನು ನೋಡಿ ಇಳಿಸುವುದು ತಪ್ಪು. ಫೋನ್ ಬ್ಯಾಗಿನಲ್ಲಿರಲಿ, ಕ್ಯಾಲ್ಕುಲೇಟರ್ ಬೇರೆ ತರಲಿ. ಇಲ್ಲದವರಿಗೆ ವಿಭಾಗದಲ್ಲಿ ನಾಲ್ಕೈದು ಇಡಿ.

ಕನ್ನಡದಲ್ಲೇ ಓದಿದವರು ಜಾಸ್ತಿ ಅಂದಿದ್ದೀರಿ, ಹಾಗಾಗಿ ಭಾಷೆ ಬಗ್ಗೆ ಒಂದು ಮಾತು. ಸೆಮಿಸ್ಟರ್ ಪರೀಕ್ಷೆಯ ಭಾಷೆ ವಿಶ್ವವಿದ್ಯಾಲಯದ ನಿಯಮದಂತೆ. ನಿಮ್ಮ ಟೆಸ್ಟಿನಲ್ಲಿ ಮಾತ್ರ ಮೊದಲ ಸೆಮಿಸ್ಟರಿನವರು ವಿವರಣೆಯನ್ನು ಕನ್ನಡದಲ್ಲೋ ಕಲಬೆರಕೆಯಾಗಿಯೋ ಬರೆಯಲಿ, ವ್ಯಾಕರಣಕ್ಕೆ ಅಂಕ ಕಡಿಯಬೇಡಿ. ನಾರ್ಮಾಲಿಟಿ, ಈಕ್ವಿವಲೆಂಟ್ ತೂಕ, ಯೂನಿಟ್ ಇವು ಸರಿ ಇರಲೇಬೇಕು. ಎರಡನೇ ಟೆಸ್ಟಿನಲ್ಲಿ ಒಂದು ಪ್ರಶ್ನೆಗಾದರೂ ಇಂಗ್ಲಿಷಿನಲ್ಲಿ ಉತ್ತರಿಸಲು ಹೇಳಿ, ಮೂರನೆಯದರಲ್ಲಿ ಪೂರ್ತಿ. ವಾಯ್ವಾ (ಬಾಯಿಯಲ್ಲಿ ಕೇಳುವ ಪ್ರಶ್ನೆ) ಕನ್ನಡದಲ್ಲಿ ಕೇಳಿ. ಇಂಗ್ಲಿಷಿನಲ್ಲಿ ಕೇಳಿದಾಗ ತಲೆ ತಗ್ಗಿಸಿ ನಿಲ್ಲುವ ಮಗು ಕನ್ನಡದಲ್ಲಿ ಕೇಳಿದರೆ ಚಕ್ಕನೆ ಹೇಳುವುದನ್ನು ನೀವೇ ನೋಡುತ್ತೀರಿ. ಕೊಂಕಣಿ ಮನೆಮಾತಿನವರೂ ಇರುತ್ತಾರೆ, ನಿಮಗೆ ಬಂದರೆ ಒಂದೆರಡು ಮಾತು ಅದರಲ್ಲೂ ಆಗಲಿ.

ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ, ಕನ್ನಡದಲ್ಲಿ. ಮೊದಲ ವಾರ ಕ್ಲಾಸಿನಲ್ಲಿ ಓದಿ ಹೇಳಿ, ಪ್ರಶ್ನೆ ಕೇಳಲು ಬಿಡಿ. ನೀವು ಅತಿಥಿ ಉಪನ್ಯಾಸಕಿ ಅನ್ನುವುದನ್ನು ನೆನಪಿಡಿ. ಇದನ್ನು ಒಬ್ಬರೇ ಜಾರಿ ಮಾಡಿದರೆ ಕೊನೆಗೆ ಒತ್ತಡ ನಿಮ್ಮ ಮೇಲೇ ಬರುತ್ತದೆ. ಹಾಳೆಯನ್ನು ಮೊದಲು ಮುಖ್ಯಸ್ಥರಿಗೆ ತೋರಿಸಿ, ಸಹಿ ಪಡೆದು, ಆಮೇಲೆ ಮಕ್ಕಳಿಗೆ ಕೊಡಿ. 18 ಹಾಕಿ ಅಂದ ಹಿರಿಯರ ಜೊತೆ ವಾದ ಬೇಡ. ಮೂರನೇ ಟೆಸ್ಟಿನ ವಿಚಾರ ಹೇಳಿ, ಮಕ್ಕಳಿಗೆ ಇನ್ನೊಂದು ಅವಕಾಶ ಸಿಗುತ್ತದೆ ಅಂತ ವಿವರಿಸಿ. ಅವರ ಕಾಳಜಿಗೂ ಅಲ್ಲಿ ಉತ್ತರ ಇದೆ.

ಕೊನೆಯ ವಾರ "ಮೇಡಂ, ಇನ್ನೆರಡು ಅಂಕ ಹಾಕಿ" ಅಂತ ಬರುವವರು ಬಂದೇ ಬರುತ್ತಾರೆ. ಅದಕ್ಕೂ ಹಾಳೆಯಲ್ಲಿ ಜಾಗ ಇರಲಿ. ಪೇಪರ್ ಕೈಗೆ ಬಂದ ಏಳು ದಿನದೊಳಗೆ, ಯಾವ ಪ್ರಶ್ನೆ, ಯಾಕೆ ಅಂತ ಎರಡು ಸಾಲು ಬರೆದು ಕೊಟ್ಟರೆ ಮತ್ತೆ ನೋಡುತ್ತೇನೆ, ಆಮೇಲೆ ಇಲ್ಲ. ಆಂತರಿಕ ಅಂಕ ಅಪ್‌ಲೋಡ್ ಮಾಡುವ ಮೊದಲು ಪ್ರತಿಯೊಬ್ಬರಿಗೂ ಅವರವರ ಅಂಕ ತೋರಿಸಿ ಸಹಿ ಪಡೆಯಿರಿ. ಹೆಸರಿನ ಸಮೇತ ಗೋಡೆಗೆ ಅಂಟಿಸುವುದು, ವಾಟ್ಸಾಪ್ ಗ್ರೂಪಿಗೆ ಹಾಕುವುದು ಬೇಡ. ಅತಿಥಿ ಉಪನ್ಯಾಸಕರು ವರ್ಷದ ನಡುವೆ ಬದಲಾಗುವುದೂ ಉಂಟು. ಹಾಗಾಗಿ ಟೆಸ್ಟಿನ ಅಂಕ, ಲ್ಯಾಬಿನ ಅಂಕ, ಹಾಜರಿ ಮೂರರ ಪ್ರತಿಯನ್ನೂ ತಿಂಗಳ ಕೊನೆಗೆ ವಿಭಾಗದ ಕಪಾಟಿನಲ್ಲಿ ಇಡಿ. ನಿಮ್ಮ ಜಾಗಕ್ಕೆ ಬೇರೆಯವರು ಬಂದರೂ ಆ 34 ಮಕ್ಕಳ ಲೆಕ್ಕ ಅಲ್ಲಿಂದಲೇ ಮುಂದುವರಿಯಲಿ.